ಮೂರು ಸಲ ಕೇಳಿದ ಮೇಸ್ತ್ರಿ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಡವೆಂದು ಯಾರೂ ತಡೆದಿಲ್ಲ. ಬರೆಯುವ ಮುಖ ನನಗಿಲ್ಲ, ಅಷ್ಟೆ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಅವರನ್ನು ಎಲ್ಲರೂ ಫಟಫಟಿ ಮೇಸ್ತ್ರಿ ಅನ್ನುತ್ತಿದ್ದರು. ಆಗ ನಮ್ಮ ಕಡೆ ಮೋಟರ್ ಸೈಕಲ್ಲಿಗೆ ಫಟಫಟಿ ಎಂದೇ ಹೆಸರು. ನನಗೂ ಅವರು ಮೇಸ್ತ್ರಿಯೇ. ಅವರು ಹೋಗಿ ಎಷ್ಟೋ ವರ್ಷವಾಯಿತು. ಈಗ ಪಾರ್ವತಿನಗರದ ನನ್ನ ಮನೆಯ ಮುಂದೆ ಇಡೀ ದಿನ ಗಾಡಿಗಳು ಓಡಾಡುತ್ತವೆ, ನಾನು ತಲೆ ಎತ್ತಿಯೂ ನೋಡುವುದಿಲ್ಲ. ಆದರೆ ಯಾವುದಾದರೂ ಒಂದು ದಪ್ಪ ದನಿಯಲ್ಲಿ ಡುಗುಡುಗು ಅಂತ ಬಂದರೆ ಕೈಯಲ್ಲಿದ್ದ ಕೆಲಸ ನಿಂತುಹೋಗುತ್ತದೆ. ಅದು ಮನೆ ದಾಟಿ ಹೋಗುವವರೆಗೆ ಉಸಿರು ಹಿಡಿದು ಕೂತಿರುತ್ತೇನೆ.

ಅವರ ಮನೆಯ ಅರ್ಧಭಾಗದಲ್ಲಿ ನಾವು ಬಾಡಿಗೆಗಿದ್ದೆವು. ನಾವು ಅಂದರೆ ಅಪ್ಪ, ಅಮ್ಮ ಮತ್ತು ನಾನು. ನಮ್ಮ ಊರು ಸಿರುಗುಪ್ಪ. ಅಪ್ಪನಿಗೆ ಬಳ್ಳಾರಿಯ ಒಂದು ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿ ಬಂದವರು. ಎಪ್ಪತ್ತರ ದಶಕದ ಮೊದಮೊದಲ ವರ್ಷಗಳು. ನನಗೆ ಹತ್ತೊಂಬತ್ತು, ಟೀಚರ್ ಟ್ರೇನಿಂಗ್ ಓದುತ್ತಿದ್ದೆ. ಮೇಸ್ತ್ರಿಗೆ ನಲವತ್ತು ದಾಟಿತ್ತು. ಅವರು ಕುರುಗೋಡಿನವರು, ಲಿಂಗವಂತರು. ಮಕ್ಕಳಿರಲಿಲ್ಲ. "ಈ ಮನ್ಯಾಗ ನಾವು ಮೂರು ಮಂದಿ, ನಾನು, ಅವರು, ಆ ಫಟಫಟಿ. ಅವರಿಬ್ಬರಿಗೂ ಚಲೋ ಹೊಂದಿಕಿ ಐತಿ, ನಾನ ಹೊರಗಿನಾಕಿ" ಎಂದು ಅವರ ಹೆಂಡತಿ ನಗುತ್ತಿದ್ದರು. ಆಕೆಯನ್ನು ನಾನು ಅಕ್ಕ ಅನ್ನುತ್ತಿದ್ದೆ.

ಮೇಸ್ತ್ರಿಯ ಕಸುಬು ಹಳ್ಳಿಗಳಲ್ಲಿ ಪಂಪ್‌ಸೆಟ್ಟು, ಆಯಿಲ್ ಇಂಜಿನ್ನು ರಿಪೇರಿ ಮಾಡುವುದು. ಒಂದು ವಾರ ಸಿರುಗುಪ್ಪದ ಕಡೆ, ಒಂದು ವಾರ ಕುರುಗೋಡಿನ ಕಡೆ. ಗಾಡಿ ಮಿಲಿಟರಿಯವರು ಹರಾಜು ಹಾಕಿದ್ದು. ಅದರಲ್ಲಿ ಮಿಲಿಟರಿಯದು ಅಂತ ಉಳಿದಿದ್ದು ಇಂಜಿನ್ನೂ ಟ್ಯಾಂಕೂ ಮಾತ್ರ. ಮಿಕ್ಕಿದ್ದೆಲ್ಲ ಅಂಗಳದಲ್ಲೇ ಹುಟ್ಟಿದ್ದು. ಹ್ಯಾಂಡಲನ್ನು ಕಮ್ಮಾರನ ಕುಲುಮೆಗೆ ಒಯ್ದು ಒಂದು ಗೇಣು ಎತ್ತರಿಸಿದ್ದರು, ಹೆಗಲು ನೋಯುತ್ತದೆಂದು. ಸೀಟಿನ ಸ್ಪ್ರಿಂಗು ಹಳೇ ಬಸ್ಸಿನದು. ಎಡಕ್ಕೆ ಪೈಪು ಬಗ್ಗಿಸಿ, ಜಾಲಿ ಕಟ್ಟಿಗೆ ಜೋಡಿಸಿ, ತಗಡು ಹೊಡೆದು ಒಂದು ಗಾಲಿಯ ಸೈಡ್‌ಕಾರು ಮಾಡಿದ್ದರು. ಅದಕ್ಕೆ ಓಣಿಯವರು ತೊಟ್ಟಿಲು ಅನ್ನುತ್ತಿದ್ದರು. ವಾರವಿಡೀ ಅದರಲ್ಲಿ ಸಾಮಾನು, ಹಬ್ಬ ಬಂದರೆ ಅಕ್ಕ.

ಭಾನುವಾರ ಗೋಣಿಚೀಲ ಹಾಸಿ ಫಟಫಟಿ ಬಿಚ್ಚಿಕೊಂಡು ಕೂತರೆಂದರೆ ಅಂಗಳದಲ್ಲಿ ಕಾಲಿಡುವ ಹಾಗಿರಲಿಲ್ಲ. ಬಿಚ್ಚಿದ ಕ್ರಮದಲ್ಲೇ ನಟ್ಟು, ಬೋಲ್ಟು, ವಾಷರುಗಳನ್ನು ಊಟದ ತಾಟುಗಳಲ್ಲಿ ಸಾಲಾಗಿ ಇಡುತ್ತಿದ್ದರು. ಅಕ್ಕ ಒಳಗಿನಿಂದ, "ಇವತ್ತು ಯಾತರಾಗ ಉಣ್ಣಾಕ ನೀಡ್ಲಿ? ಇದ್ದ ತಾಟಿನ್ಯಾಗೆಲ್ಲಾ ನಿಮ್ಮ ನಟ್ಟು ಕುಂತಾವು!" ಎಂದು ಕೂಗುತ್ತಿದ್ದರು. ಇವರು ತಲೆ ಎತ್ತದೆ, "ಅವೂ ಉಣ್ಲಿ ಬಿಡು, ವಾರಗಟ್ಟಲೆ ದುಡದಾವು" ಅನ್ನುತ್ತಿದ್ದರು. ತುಕ್ಕಿಗೆ ಹಿಡಿದುಕೊಂಡ ನಟ್ಟಿಗೆ ಅವರು ಸುತ್ತಿಗೆ ಮುಟ್ಟಿಸಿದ್ದನ್ನು ನಾನು ನೋಡಿಲ್ಲ. ಬಿಸಿ ಎಣ್ಣೆ ಹನಿಸಿ ಸುಮ್ಮನೆ ಕೂತುಬಿಡುತ್ತಿದ್ದರು. ಅಪ್ಪ ಪೇಪರು ಓದುತ್ತಾ, "ಎಷ್ಟೊತ್ತು ಕಾಯ್ತೀರಿ, ಒಂದೇಟು ಹಾಕ್ರಿ" ಅಂದರೆ, "ಅದಕ್ಕೂ ಬಿಡಾಕ ಮನಸು ಬರಬೇಕಲ್ರೀ" ಎಂದು ಬೀಡಿ ಹಚ್ಚುತ್ತಿದ್ದರು. ಎಲ್ಲ ಜೋಡಿಸಿದ ಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಆಗ ಯಾರೂ ಮಾತಾಡಬಾರದು. ಅಪ್ಪನಿಗೆ ಅದೆಲ್ಲ ಬಹಳ ಇಷ್ಟ.

ವರ್ಷಕ್ಕೊಮ್ಮೆ ಗಂಡ ಹೆಂಡತಿ ಅದೇ ಗಾಡಿಯಲ್ಲಿ ಶ್ರೀಶೈಲಕ್ಕೆ ಹೋಗುತ್ತಿದ್ದರು. ಹೊರಡುವ ಎಂಟು ದಿನ ಮೊದಲೇ ತಯಾರಿ. ಕ್ಲಚ್ಚಿನ ವೈರಿನ ಜೊತೆಗೇ ಇನ್ನೊಂದು ಹೊಸ ವೈರನ್ನು ಮಗ್ಗುಲಲ್ಲಿ ಹಾಯಿಸಿ ಕಟ್ಟಿಟ್ಟಿರುತ್ತಿದ್ದರು. ದಾರಿಯಲ್ಲಿ ಒಂದು ಹರಿದರೆ ತುದಿ ಬದಲಿಸಿದರೆ ಆಯಿತು. ನೀರಿನ ಕ್ಯಾನಿಗೆ ಗೋಣಿ ಸುತ್ತಿ ಹೊಲಿದಿದ್ದರು. ರೊಟ್ಟಿಯ ಗಂಟು ಅಕ್ಕನ ತೊಡೆಯ ಮೇಲೆ. ಕಾಡಿನ ಘಾಟಿನಲ್ಲಿ ಗಾಡಿ ಏದುಸಿರು ಬಿಟ್ಟರೆ ಇಳಿದು ಅದರ ಟ್ಯಾಂಕು ಸವರಿ ಕಾಯುತ್ತಿದ್ದರಂತೆ. "ನನಗ ಒಂದಿನಾ ಹಂಗ ಮೈ ಸವರಿಲ್ಲ ನೋಡವಾ" ಎಂದು ಅಕ್ಕ ಅವರೆದುರೇ ಹೇಳಿ ಅವರನ್ನು ನಾಚಿಸುತ್ತಿದ್ದರು.

ಇನ್ನೊಂದು ಕೆಲಸಕ್ಕೂ ಆ ತೊಟ್ಟಿಲು ಹೋಗುತ್ತಿತ್ತು. ಕುರುಗೋಡಿನ ಒಬ್ಬ ಮುದುಕಿ ಬಳ್ಳಾರಿಯ ಆಸ್ಪತ್ರೆಯಲ್ಲಿ ಸತ್ತಾಗ ಬಸ್ಸಿನವರು ಹತ್ತಿಸಿಕೊಳ್ಳಲಿಲ್ಲ, ಬಂಡಿಯಲ್ಲಿ ಒಯ್ದರೆ ದಿನವಾಗುತ್ತದೆ. ಲಿಂಗವಂತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂಡಿಸಿ, ಪೂಜೆ ಮಾಡಿ, ಕೂತಹಾಗೇ ಮಣ್ಣು ಮಾಡುತ್ತಾರೆ. ಮೈ ಸೆಟೆಯುವುದರೊಳಗೆ ಕೂಡಿಸಬೇಕು. ಮೇಸ್ತ್ರಿ ಆ ಮುದುಕಿಯನ್ನು ತೊಟ್ಟಿಲಲ್ಲಿ ಕೂಡಿಸಿಕೊಂಡು ಊರಿಗೆ ಮುಟ್ಟಿಸಿದರು. ಆಮೇಲೆ ಜನ ಮನೆ ಹುಡುಕಿಕೊಂಡು ಬರತೊಡಗಿದರು. ಇವರು ಬೇರೆ ಕೆಲಸ ಬಿಟ್ಟು ಹೋಗುತ್ತಿದ್ದರು, ಯಾರಿಂದಲೂ ಏನೂ ಮುಟ್ಟುತ್ತಿರಲಿಲ್ಲ. ಅದೇ ಜಾಗದಲ್ಲಿ ಅಕ್ಕ ಕೂಡುವುದನ್ನು ನೋಡಿ ನಮ್ಮಮ್ಮ ಹೌಹಾರಿದಳು. "ಶಿವನ ಹತ್ರ ಹೋಗೋರು ಕುಂತ ಜಾಗ ಅದು, ಮೈಲಿಗಿ ಏನ್ ಬಂತ್ರಿ? ನಮ್ಮಾಗ ಅದೆಲ್ಲ ಇಲ್ಲ" ಎಂದರು ಅಕ್ಕ.

ಆ ಬೇಸಿಗೆಯಲ್ಲಿ ಅಮ್ಮ ನಮ್ಮ ಚಿನ್ನಾನ್ನನ ಮಗಳ ಬಾಣಂತನಕ್ಕೆಂದು ಸಿರುಗುಪ್ಪಕ್ಕೆ, ಅವನ ಮನೆಗೆ ಹೋಗಿದ್ದಳು. ಚಿನ್ನಾನ್ನ ಅಂದರೆ ಅಪ್ಪನ ತಮ್ಮ. ನಮ್ಮ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಚಿನ್ನಾನ್ನನಿಗೆ ಸಿಟ್ಟು ಬಂದರೆ ಎರಡೂ. ಹೆಣ್ಣು ಹುಡುಗಿಯನ್ನು ಬಳ್ಳಾರಿಯಲ್ಲಿಟ್ಟು ಓದಿಸುವುದು ಅವನಿಗೆ ಸ್ವಲ್ಪವೂ ಹಿಡಿಸಿರಲಿಲ್ಲ. ಅಪ್ಪನ ಎದುರು ಮಾತಾಡುವ ಧೈರ್ಯವಿಲ್ಲದೆ ಸುಮ್ಮನಿದ್ದ.

ಒಂದು ಸಂಜೆ ಅಪ್ಪ ಎದೆ ಹಿಡಿದುಕೊಂಡು ಕೂತರು. ಮೇಸ್ತ್ರಿಯೇ ಆಸ್ಪತ್ರೆಗೆ ಸೇರಿಸಿದರು. ಬೆಳಿಗ್ಗೆ ಹಾಲಿನವರು ಓಡಾಡುವ ಹೊತ್ತಿಗೆ ಎಲ್ಲ ಮುಗಿದಿತ್ತು. ಸಿರುಗುಪ್ಪಕ್ಕೆ ತಂತಿ ಕೊಟ್ಟು ಬಂದ ಮೇಸ್ತ್ರಿ ವಾರ್ಡಿನಲ್ಲಿ ನನ್ನ ಹತ್ತಿರ ಕುಕ್ಕರುಗಾಲಲ್ಲಿ ಕೂತರು. ಗಾಡಿ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಿಂತಿತ್ತು. ವಾರ್ಡು ಎಷ್ಟು ಮೌನವಾಗಿತ್ತೆಂದರೆ ಆಚೆ ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು.

"ಯವ್ವಾ, ಕುಂದ್ರಸೂನೇನು?" ಎಂದರು.

ನಾನು ಹೂಂ ಅಂದೆ.

ಅವರು ಅಪ್ಪನ ಹಣೆ ನೋಡಿದರು. ಅಪ್ಪ ದಿನಾ ಮೂರೆಳೆ ವಿಭೂತಿ ಹಚ್ಚುತ್ತಿದ್ದರು, ಮಾಂಸ ಮುಟ್ಟುತ್ತಿರಲಿಲ್ಲ. ಅದನ್ನು ನೋಡಿ ನಾವೂ ತಮ್ಮಂಥವರೇ ಇರಬೇಕು ಎಂದುಕೊಂಡಿದ್ದರು ಅಂತ ಕಾಣುತ್ತದೆ. ಆದರೆ ಕೊರಳಲ್ಲಿ ಲಿಂಗ ಇರಲಿಲ್ಲ. "ಲಿಂಗ ಕಾಣವಲ್ದು, ತೆಗದಿಟ್ಟೀಯೇನು? ಕುಂದ್ರಸೋದು ಹೌದಲ್ಲೋ?" ಎಂದು ಎರಡನೇ ಸಲ ಕೇಳಿದರು. ನಾನು ಹೂಂ ಅಂದೆ. ಅವರಿಗೆ ಆಗಲೂ ಸಮಾಧಾನವಾಗಲಿಲ್ಲ. ನನ್ನ ಮುಖ ನೋಡಿ ನಿಧಾನಕ್ಕೆ, "ತಂಗೀ, ನಿಮ್ಮಲ್ಲೂ ಕುಂದ್ರಸ್ತಾರಲ್ಲಾ?" ಎಂದರು. ಮೂರನೇ ಸಲವೂ ನಾನು ಹೂಂ ಅಂದೆ.

ನಮ್ಮಲ್ಲಿ ಕೂಡಿಸುವುದಿಲ್ಲ. ಮಲಗಿಸಿ, ಚಟ್ಟ ಕಟ್ಟಿ, ಹೊಳೆಯ ದಂಡೆಗೆ ಒಯ್ದು ಸುಡುತ್ತೇವೆ. ಅದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮೊದಲ ಎರಡು ಸಲ, ತೊಟ್ಟಿಲಲ್ಲಿ ಕೂಡಿಸುವ ಮಾತು ಅಂದುಕೊಂಡೆ. ಮೂರನೆಯದನ್ನು ನಾನು ಕೇಳಿಸಿಕೊಳ್ಳಲೇ ಇಲ್ಲ. ಅಪ್ಪನನ್ನು ಆ ಕಬ್ಬಿಣದ ಮಂಚದಿಂದ ಬೇಗ ಎತ್ತಿದರೆ ಸಾಕಾಗಿತ್ತು, ಹೂಂ ಅಂದರೆ ಬೇಗ ಎತ್ತುತ್ತಾರೆ. ಅವರು ಅಪ್ಪನ ಕಾಲು ಮಡಚಿ, ಚಕ್ಕಳಮಕ್ಕಳ ಹಾಕಿಸಿ, ಬಿಳಿ ಪಂಚೆಯಿಂದ ಸೊಂಟಕ್ಕೂ ಮೊಣಕಾಲಿಗೂ ಬಿಗಿದು ಕಟ್ಟಿದರು. ಗದ್ದಕ್ಕೂ ತಲೆಗೂ ಟವೆಲು ಸುತ್ತಿದರು. ತೊಟ್ಟಿಲು ಸಣ್ಣದು, ಅದಕ್ಕೇ ಹೀಗೆ ಎಂದುಕೊಂಡು ನೋಡುತ್ತಾ ನಿಂತೆ.

ನಾನು ಹಿಂದಿನ ಸೀಟಿನಲ್ಲಿ ಕೂತೆ. ದಾರಿಯುದ್ದಕ್ಕೂ ಮೇಸ್ತ್ರಿ ಅಪ್ಪನ ಜೊತೆ ಮಾತಾಡುತ್ತಿದ್ದರು. ಒಯ್ಯುವಾಗೆಲ್ಲ ಹಾಗೆ ಮಾತಾಡುತ್ತಾರೆಂದು ನನಗೆ ಅವತ್ತೇ ತಿಳಿದದ್ದು. "ಗುಂಡಿ ಬಂತ್ರೀ, ಸಾವಕಾಶ ಹೋಗ್ತೀನಿ... ಇದು ಸಿರಿಗೇರಿ ಕ್ರಾಸು... ಬಿಸಲು ಭಾಳ ಆತು, ಇನ್ನೇನು ಬಂದ್ವಿ." ತೆಕ್ಕಲಕೋಟೆ ಇನ್ನೂ ದೂರವಿದ್ದಾಗ ತೊಟ್ಟಿಲಿನ ಗಾಲಿ ಪಂಚರ್ ಆಯಿತು. ನೆರಳಿಲ್ಲದ ರಸ್ತೆ. ಅವರು ಅಪ್ಪನ ತಲೆಯ ಮೇಲೆ ತಮ್ಮ ಛತ್ರಿ ಕಟ್ಟಿ, "ತಡಾ ಆತು, ಬೇಜಾರ ಮಾಡ್ಕೋಬ್ಯಾಡ್ರಿ" ಎಂದು ಬೇಡಿಕೊಂಡು ಟ್ಯೂಬು ಬಿಚ್ಚಿದರು. ತೇಪೆ ಹಚ್ಚಿ, ಗಾಳಿ ಹೊಡೆದು ಹೊರಡುವಾಗ ಒಂದು ಗಂಟೆಯ ಮೇಲಾಗಿತ್ತು. ನಾನು ಅಳುತ್ತಲೂ ಇರಲಿಲ್ಲ.

ತಂತಿ ಇನ್ನೂ ಮುಟ್ಟಿರಲಿಲ್ಲ. ಗಾಡಿಯ ಸದ್ದಿಗೆ ಅಮ್ಮ ಬಾಗಿಲಿಗೆ ಬಂದಳು. ತೊಟ್ಟಿಲಲ್ಲಿ ಅಪ್ಪ ಕೂತಿದ್ದಾರೆ, ಬಿಸಿಗಾಳಿಗೆ ಎಲ್ಲರೂ ಸುತ್ತಿಕೊಳ್ಳುವ ಹಾಗೆ ತಲೆಗೆ ಟವೆಲು. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ನಕ್ಕಳು. "ಅಯ್ಯ, ಹೇಳಿಲ್ಲ ಕೇಳಿಲ್ಲ, ಹಿಂಗ ಬರೋದೇನು!" ಎಂದಳು. ಆ ನಗು ಅವಳ ಮುಖದಿಂದ ಇಳಿಯಲು ಎಷ್ಟು ಹೊತ್ತು ಹಿಡಿಯಿತೋ. ದೇವರೇ, ಅದನ್ನು ನೋಡುವ ಬದಲು ನನ್ನ ಕಣ್ಣು ಹೋಗಿದ್ದರೂ ಆಗುತ್ತಿತ್ತು.

ಇಳಿಸಿ ಮಲಗಿಸಲು ಹೋದರೆ ಅಪ್ಪ ಮಲಗಲಿಲ್ಲ. ಮೈ ಕೂತಹಾಗೇ ಸೆಟೆದುಹೋಗಿತ್ತು. ಬೆನ್ನು ನೆಲಕ್ಕೆ ತಾಗಿಸಿದರೆ ಮಡಚಿದ ಕಾಲು ಮೇಲೇಳುತ್ತಿತ್ತು. ಚಿನ್ನಾನ್ನ ಮೇಸ್ತ್ರಿಯ ಅಂಗಿಯ ಕೊರಳು ಹಿಡಿದ. "ಎಂತ ಪನಿ ಚೇಸಾವುರಾ! ಎಂಥಾ ಕೆಲಸ ಮಾಡಿದಿಲೇ! ಯಾರನ್ನ ಕೇಳಿ ನಮ್ಮಣ್ಣನ್ನ ಹಿಂಗ ಕಟ್ಟಿದಿಲೇ? ನಿಮ್ಮ ಜಾತಿ ಪದ್ಧತಿ ನಮ್ಮ ಹೆಣದ ಮ್ಯಾಲ ಮಾಡಾಕ ಬಂದೀಯೇನು?" ಓಣಿಯ ಜನವೆಲ್ಲ ಸೇರಿತ್ತು. ಮೇಸ್ತ್ರಿ ಒಂದೇ ಒಂದು ಸಲ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಬಾಯಿ ಬಿಟ್ಟಿದ್ದರೆ ನನ್ನ ಓದು, ಬಳ್ಳಾರಿ, ಎಲ್ಲ ಅವತ್ತಿಗೇ ಮುಗಿಯುತ್ತಿತ್ತು. ಅಪ್ಪ ಸತ್ತ ಆ ಗಳಿಗೆಯಲ್ಲೂ ನನಗೆ ಅದು ಹೊಳೆದಿತ್ತು, ಸುಳ್ಳು ಹೇಳುವುದಿಲ್ಲ.

"ತಪ್ಪಾತ್ರೀ. ನಂದ ತಪ್ಪು. ನಾ ಒಂದು ಮಾತು ಕೇಳಬೇಕಿತ್ತು" ಎಂದರು ಮೇಸ್ತ್ರಿ.

ಮೂರು ಸಲ ಕೇಳಿದ್ದ ಮನುಷ್ಯ.

ಬಿಸಿನೀರು, ಎಳ್ಳೆಣ್ಣೆ ತರಿಸಿಕೊಂಡು ಅವರು ಅಪ್ಪನ ಪಕ್ಕ ಕೂತರು. ಒಬ್ಬರನ್ನೂ ಮುಟ್ಟಗೊಡಲಿಲ್ಲ. ಒದ್ದೆ ಬಟ್ಟೆಯ ಶಾಖ ಕೊಡುತ್ತಾ, ಎಣ್ಣೆ ತಿಕ್ಕುತ್ತಾ, ಒಂದೊಂದೇ ಕೀಲನ್ನು ಕೂದಲೆಳೆಯಷ್ಟು ಸಡಿಲಿಸುತ್ತಾ ಸಂಜೆಯವರೆಗೆ ಕೂತರು. ಯಾರೋ ಬಲವಂತವಾಗಿ ಎಳೆಯಲು ಬಂದಾಗ ಮಾತ್ರ, "ಮುಟ್ಟಬ್ಯಾಡ್ರಿ, ನೋವಾಕ್ಕೈತಿ" ಎಂದು ಗದರಿದರು. ಅಪ್ಪ ಹೇಗೋ ಮಲಗಿದರು. ಆದರೆ ಚಟ್ಟದ ಮೇಲೆ ಬಟ್ಟೆ ಹೊದಿಸಿದಾಗ ಮೊಣಕಾಲು ಎರಡೂ ಸ್ವಲ್ಪ ಎದ್ದೇ ಇದ್ದವು. ಹಾಗೇ ಒಯ್ದರು. ಚಿನ್ನಾನ್ನ ಮೇಸ್ತ್ರಿಯನ್ನು ಹೊಳೆಯ ದಂಡೆಗೆ ಬರಗೊಡಲಿಲ್ಲ.

ಅಮ್ಮ ಬದುಕಿದ್ದಷ್ಟು ದಿನವೂ ಕನಸಿನಲ್ಲಿ ಅದನ್ನೇ ಕಂಡಳು. "ನಿಮ್ಮಪ್ಪ ಎದ್ದು ಕುಂದ್ರಾಕ ನೋಡ್ತಿದ್ರು, ಇವರು ಕಟ್ಟಿಬಿಟ್ರು" ಎಂದು ಬೆವರಿ ಎದ್ದು ಕೂಡುತ್ತಿದ್ದಳು. ನಾನು ನೀರು ಕೊಟ್ಟು, ಬೆನ್ನು ಸವರಿ ಮಲಗಿಸುತ್ತಿದ್ದೆ. ನಿಜ ಹೇಳಲಿಲ್ಲ. ಚಿನ್ನಾನ್ನನಂತೂ ಮದುವೆ, ತಿಥಿ, ಚಹಾದಂಗಡಿ ಎನ್ನದೆ ಕೂತಲ್ಲೆಲ್ಲ ಆ ಕತೆ ಹೇಳಿ ಮೇಸ್ತ್ರಿಯನ್ನು ಬೈದ. ಸಿರುಗುಪ್ಪದ ಕಡೆಯವರು ಅವರನ್ನು ಇಂಜಿನ್ ರಿಪೇರಿಗೆ ಕರೆಯುವುದನ್ನೇ ಬಿಟ್ಟರು. ಅರ್ಧ ಅನ್ನ ಹೋಯಿತು. ನನ್ನ ಓದು ಮಾತ್ರ ಮುಗಿಯಿತು. ಹಾಸ್ಟೆಲಿನಲ್ಲಿದ್ದು ಪಾಸಾದೆ, ಬಳ್ಳಾರಿಯಲ್ಲೇ ನೌಕರಿ ಸಿಕ್ಕಿತು. ಬಸ್‌ಸ್ಟ್ಯಾಂಡಿನ ಹತ್ತಿರ ಒಮ್ಮೆ ಎದುರಾದಾಗ ಗಾಡಿ ನಿಲ್ಲಿಸಿ, "ಟೀಚರ್ ಆದೆಂತಲ್ಲ ಯವ್ವಾ? ನಿಮ್ಮಪ್ಪಾರು ಭಾಳ ಆಸಿ ಇಟ್ಟಿದ್ರು. ಚಲೋ ಆತು" ಎಂದು ಕಣ್ಣು ತುಂಬಿಕೊಂಡರು. ನಾನು ಹಲ್ಲು ಕಿರಿದು ಬಸ್ಸು ಹತ್ತಿದೆ. ಆಮೇಲೆ ಆ ಸದ್ದು ದೂರದಲ್ಲಿ ಕೇಳಿದರೆ ಸಂದಿ ಹೊಕ್ಕುಬಿಡುತ್ತಿದ್ದೆ.

ಅವತ್ತು ನಮ್ಮೂರಿಂದ ಮರಳಿದ ಮೇಲೆ ಅವರು ತೊಟ್ಟಿಲನ್ನು ಬಿಚ್ಚಿ ಹಾಕಿದರಂತೆ. ಮೂರು ಭಾನುವಾರ ಕೂತು ಉದ್ದನೆಯ ಹಲಗೆಯೊಂದನ್ನು ಮಾಡಿದರು, ಮನುಷ್ಯ ಪೂರಾ ಮಲಗುವಷ್ಟು. ಅವೇ ನಾಲ್ಕು ಬೋಲ್ಟಿಗೆ ಸೀಟೂ ಕೂರಬೇಕು, ಹಲಗೆಯೂ ಕೂರಬೇಕು. ಇದನ್ನು ಹೇಳಿದವರು ಅಕ್ಕ, ಒಮ್ಮೆ ಸಂತೆಯಲ್ಲಿ ಸಿಕ್ಕಾಗ. ಸತ್ತವರ ಮನೆಯ ಹಿರಿಯರು ನಾಲ್ಕು ಮಂದಿ ಬಾಯಿಬಿಟ್ಟು ಹೇಳಿದ ಮೇಲೇ ಹೆಣ ಮುಟ್ಟುತ್ತಿದ್ದರಂತೆ. ದಾರಿಯಲ್ಲಿ ಮಾತಾಡುವುದನ್ನೂ ಬಿಟ್ಟರಂತೆ. ಯಾಕೆ ಅಂದರೆ, "ಅವರು ಕೇಳ್ತಾರ ಅನ್ನೋ ಧೈರ್ಯದಾಗ ಮಾತಾಡ್ತಿದ್ದೆ. ಕೇಳೋರಿದ್ರ ಅವತ್ತು ಟೀಚರಮ್ಮನ ಅಪ್ಪಾರು ನನಗ ಹೇಳ್ತಿರಲಿಲ್ಲೇನು?" ಅಂದರಂತೆ.

ಎಂಬತ್ತರ ದಶಕದ ನಡುವೆ ಒಂದು ದಿನ, ಮೇಸ್ತ್ರಿ ಆಸ್ಪತ್ರೆಯಲ್ಲಿದ್ದಾರೆ, ಉಳಿಯುವುದಿಲ್ಲ ಎಂದು ಸುದ್ದಿ ಬಂತು. ಅಮ್ಮ ಹೋಗಿ ಎರಡು ವರ್ಷವಾಗಿತ್ತು. ಇನ್ನು ಯಾರಿಗೆ ಹೆದರುವುದು? ಹೋದೆ. ಅಕ್ಕ ಹೊರಗೆ ಔಷಧಿಗೆ ಹೋಗಿದ್ದರು. ಮೇಸ್ತ್ರಿ ಅರ್ಧ ಆಗಿದ್ದರು. ಕೂತವಳೇ ಅಂದುಬಿಟ್ಟೆ. "ನೀವು ಮೂರು ಸಲ ಕೇಳಿದ್ರಿ. ಮೂರು ಸಲಾನೂ ನಾನು ಹೂಂ ಅಂದೆ. ಎಲ್ಲರ ಮುಂದ ನಾ ಸುಮ್ಮನ ನಿಂತೆ. ನಿಮಗ ಅನ್ಯಾಯ ಮಾಡಿದೆ, ಮೇಸ್ತ್ರೀ."

ಅವರು ನನ್ನಿಂದ ಕಣ್ಣು ತೆಗೆದು ಸೂರು ನೋಡಿದರು. ಆಮೇಲೆ ಹಗುರವಾಗಿ, "ಹೂಂ ಅಂದಿದ್ದೇನು? ನನಗ ಕೇಳಿಸಲೇ ಇಲ್ಲಲ್ಲವಾ" ಎಂದರು. "ಗಾಡಿ ಚಾಲೂ ಇತ್ತು. ಆ ಸಪ್ಪಳದಾಗ ನಿನ್ನ ಮಾತು ನನಗೆಲ್ಲಿ ಕೇಳಬೇಕು? ತಪ್ಪು ನಂದ. ಗಾಡಿ ಬಂದ್ ಮಾಡಿ ಕೇಳಬೇಕಿತ್ತು."

ಅವತ್ತು ವಾರ್ಡಿನೊಳಗೆ ಗಾಡಿ ಎಲ್ಲಿಂದ ಬಂತು? ಅವರ ಕಿವಿ ಇಂಜಿನ್ನಿನ ಒಳಗಿನ ಬೇರಿಂಗಿನ ಒಂದು ಮಣಿಯ ಸದ್ದನ್ನೂ ಬಿಡದ ಕಿವಿ. ನಾನು ಏನೋ ಹೇಳಲು ಹೊರಟೆ. "ಹೋಗು ಯವ್ವಾ, ಸಾಲಿಗಿ ಹೊತ್ತಾಕ್ಕೈತಿ" ಎಂದು ಕಣ್ಣು ಮುಚ್ಚಿದರು.

ಎರಡು ದಿನಕ್ಕೆ ತೀರಿಕೊಂಡರು. ಮಣ್ಣು ಮರುದಿನ ಕುರುಗೋಡಿನಲ್ಲಿ ಎಂದು ತಿಳಿಯಿತು. ನಾನು ನೇರ ಕುರುಗೋಡಿಗೆ ಹೋಗಲಿಲ್ಲ. ಮೊದಲು ಸಿರುಗುಪ್ಪದ ಬಸ್ಸು ಹತ್ತಿದೆ. ಅರವತ್ತು ಸಮೀಪಿಸಿದ್ದ ಚಿನ್ನಾನ್ನನ ಮುಂದೆ ನಿಂತು ಎಲ್ಲ ಹೇಳಿದೆ. ಹೊಡೆಯುತ್ತಾನೆ ಅಂದುಕೊಂಡಿದ್ದೆ. ಹೊಡೆದಿದ್ದರೆ ಒಳ್ಳೆಯದಿತ್ತು. ಅವನು ಊಟ ಬಿಟ್ಟು ಎದ್ದು ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಬೆಳಿಗ್ಗೆ ನಾನು ಕುರುಗೋಡಿನ ಬಸ್ಸಿಗೆ ಹೋದರೆ ನನಗಿಂತ ಮೊದಲೇ ಬಂದು, ತೊಳೆದ ಪಂಚೆ ಉಟ್ಟು ಕೂತಿದ್ದ.

ಕುರುಗೋಡಿನಲ್ಲಿ ಅವರ ಅಣ್ಣನ ಮನೆಯ ಕಟ್ಟೆಯ ಮೇಲೆ ಮೇಸ್ತ್ರಿಯನ್ನು ಕೂಡಿಸಿದ್ದರು. ಹಣೆತುಂಬ ವಿಭೂತಿ, ಕೊರಳಲ್ಲಿ ಹಾರ, ಅಂಗೈಯಲ್ಲಿ ಲಿಂಗ. ನೆಟ್ಟಗೆ ಕೂತಿದ್ದರು. ಮಲಗಿದ ಹೆಣದ ಮುಂದೆ ಬಗ್ಗಿ ನಿಲ್ಲಬಹುದು. ಇವರ ಮುಂದೆ ನಿಂತರೆ ಮುಖಕ್ಕೆ ಮುಖ. ಚಿನ್ನಾನ್ನ ಕೈ ಮುಗಿದು ನಿಂತವನು ನಿಂತೇ ಇದ್ದ. ಭಜನೆಯವರು ಹಾಡು ನಿಲ್ಲಿಸಿ ಅವನನ್ನೇ ನೋಡತೊಡಗಿದರು. ಪಕ್ಕದಲ್ಲಿ ಕೂತಿದ್ದ ಅಕ್ಕನ ಕಡೆ ತಿರುಗಿ, ಒಡೆದ ದನಿಯಲ್ಲಿ, "ಯಮ್ಮಾ, ಇಷ್ಟು ವರ್ಷ ಈ ಮನುಷ್ಯಾನ್ನ ಊರೂರು ಬೈದೀನಿ. ನಿನ್ನೆ ಗೊತ್ತಾತು ಅದೆಲ್ಲ ಸುಳ್ಳು ಅಂತ. ಬೈದಿದ್ದನ್ನೆಲ್ಲಾ ಈಗ ನಾ ಎಲ್ಲಿ ಇಡ್ಲಿ?" ಎಂದ.

ಅಕ್ಕ ಅವನ ಮುಖ ನೋಡಿದರು. ಗೊತ್ತಿದ್ದ ಸಂಗತಿಯನ್ನೇ ಕೇಳಿದವರ ಹಾಗೆ ಒಂದು ಚೂರೂ ಬೆರಗಾಗಲಿಲ್ಲ. "ಅವರ ಮಡಲಾಗ ಇಡ್ರಿ ಅಣ್ಣಾರ. ಇನ್ನೊಂದು ತಾಸಿಗೆ ಮಣ್ಣು ಹಾಕ್ತಾರ, ಅದೂ ಹೋಕ್ಕೈತಿ" ಎಂದರು.

ಚಿನ್ನಾನ್ನ ಮುಂದೆ ಹೋಗಿ ಮೇಸ್ತ್ರಿಯ ಮಡಿಲಲ್ಲಿ ತಲೆ ಇಟ್ಟು ಅತ್ತ. ಅಕ್ಕ ಅವನ ಬೆನ್ನ ಮೇಲೆ ಕೈ ಇಟ್ಟರು. ನಾನು ಅವನ ಹಿಂದೆಯೇ, ನನ್ನನ್ನೂ ಕರೆಯುತ್ತಾರೆಂದು ಕಾಯುತ್ತಾ ನಿಂತಿದ್ದೆ. ಹೆಣ ಎತ್ತುವವರೆಗೂ ಅಕ್ಕ ನನ್ನ ಕಡೆ ನೋಡಲಿಲ್ಲ.